ತಲೆ ಕಡೆಯ ಹಗ್ಗ

ಕಿರ್ಕ್‌ಹೋಪ್ ಪೇಟೆಯಲ್ಲಿ ಬಸ್ಸಿಗೆ ನಿಂತಿದ್ದ ಎಲ್ಸ್‌ಪೆತ್‌ಗೆ ಮುಂದಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ನೆಟ್ಟಾ, ವಕೀಲ ಮಕ್ರೇ ಸಾಹೇಬ್ರನ್ನ ಮಣ್ಣು ಮಾಡೋದು ನಾಳೆ ತಾನೆ?"

"ಹೂಂ ಕಣೆ ಜೀನ್. ಹೆಣದ ಪೆಟ್ಟಿಗೆ ಗುಂಡಿಗೆ ಇಳಿಸೋಕೆ ಹಗ್ಗ ಹಿಡಿಯೋರೇ ಇಲ್ಲ. ಅವರ ತಂಗಿ ಮನೆಮನೆ ಅಲೀತಿದ್ದಾಳೆ."

"ಅಯ್ಯೋ, ಅಷ್ಟು ವರ್ಷ ಪುರಸಭೆ ನಡೆಸಿದೋರು! ನಾವಿರೋ ಮನೆಗಳನ್ನೂ ಅವರೇ ಕಟ್ಟಿಸಿದ್ದಲ್ವಾ?"

"ಕಟ್ಟಿಸಿದ್ರು. ಯುದ್ಧಕ್ಕೆ ಈ ಊರಿನ ಹುಡುಗರನ್ನ ಕರ್ಕೊಂಡು ಹೋದೋರೂ ಅವರೇ. ವಾಪಸ್ ಬಂದದ್ದು ಅವರೊಬ್ಬರೇ."

"ನಿಮ್ಮನೆಯವರನ್ನೂ ಕೇಳಿದ್ಲಾ?"

"ನಿನ್ನೆ ಬಂದಿದ್ಲು. ಸಾಯೋ ಮುಂಚೆ ಅಣ್ಣ ಯಾವ ಹಗ್ಗ ಯಾರಿಗೆ ಅಂತ ಹೇಳಿದ್ರಂತೆ. ಎಲ್ಲಾ ಆ ಸತ್ತ ಹುಡುಗರ ಹೆಸರೇ."

"ಬುದ್ಧಿ ಸ್ಥಿಮಿತ ತಪ್ಪಿತ್ತೇನೋ, ಪಾಪ."

"ತಲೆ ಕಡೆ ಹಗ್ಗ ಮಗ ಹಿಡಿಯೋದು. ಅವರಿಗೆ ಮಕ್ಕಳಿಲ್ವಲ್ಲ, ಅದನ್ನ ನಮ್ಮ ಮಗ ಸ್ಯಾಂಡಿಗೆ ಅಂದ್ರಂತೆ. ಮಗನ ಬದಲು ನೀವಾದ್ರೂ ಬನ್ನಿ ಅಂತ ಇವರ ಕೈ ಹಿಡ್ಕೊಂಡು ಅತ್ಲು."

"ಇವರೇನಂದ್ರು?"

"ನನ್ನ ಮಗನಿಗೆ ಹಗ್ಗ ಹಿಡಿಯೋಣ ಅಂದ್ರೆ ಪೆಟ್ಟಿಗೇನೇ ಬರಲಿಲ್ಲ ಕಣಮ್ಮಾ, ಅಂದ್ರು. ಬಾಗಿಲು ಹಾಕ್ಕೊಂಡ್ರು."

ಬಸ್ಸು ಬಂತು.

"ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ, ನೆಟ್ಟಾ?"

"ಚಿಲಕ ಹಾಕಿದ್ದು ನಾನೇ ಕಣೆ," ಎನ್ನುತ್ತಾ ನೆಟ್ಟಾ ಬಸ್ಸು ಹತ್ತಿದಳು.