ಗಂಗಕ್ಕನ ಕ್ಯಾಸೆಟ್ಟು

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದ್ರೆ ಇದು ಎಲ್ಲೋ ಯಾರಿಗೋ ಆದದ್ದಲ್ಲ. ಎನ್.ಆರ್. ಪುರದಲ್ಲಿ ನಮ್ಮ ಪಕ್ಕದ ಮನೇಲೇ ಇರೋ ನೀಲಾಂಬಿಕೆಗೆ ಆದದ್ದು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ.

ಬಾಳೆಹೊನ್ನೂರಿಂದ ಹೊರಟ ಕೊನೇ ಬಸ್ಸು ಅವಳನ್ನ ತವರಿನ ಕ್ರಾಸಲ್ಲಿ ಇಳಿಸಿ ಹೋಯ್ತು. ಬಸ್ಸಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಜೀರುಂಡೆ ಬಿಟ್ಟು ಬೇರೆ ಸದ್ದಿಲ್ಲ. ಬೆಳಿಗ್ಗೆ ತಮ್ಮ ಉಜ್ವಲ್ ಬೂತಿಂದ ಫೋನ್ ಮಾಡಿದ್ದ. "ಅಕ್ಕಾ, ಅಪ್ಪಯ್ಯ ಇವತ್ತು ನಿಶ್ಚಿತಾನ್ನ ಕೂರಿಸ್ತಾರಂತೆ. ನೀನು ಬಾ." ಅಷ್ಟೇ... ಫೋನಿಟ್ಟುಬಿಟ್ಟ. ನಿಶ್ಚಿತಾ ಅವನ ಮಗಳು. ಇನ್ನೂ ಮೂರನೇ ಕ್ಲಾಸು.

ಕೂರಿಸೋದು ಅಂದ್ರೆ ಎಂತ ಅಂತ ನೀಲಾಂಬಿಕೆಗೆ ಗೊತ್ತು. ಅವಳು ಚಿಕ್ಕವಳಿದ್ದಾಗ, ದಿನಾ ಎಣ್ಣೆ ಹಚ್ಚಿ ಅವಳಿಗೆ ಎರಡು ಜಡೆ ಹಾಕ್ತಿದ್ದ ಅಕ್ಕ ಗಂಗಾಂಬಿಕೆಯನ್ನೂ ಹೀಗೇ ಕೂರಿಸಿದ್ರು. ಅಪ್ಪ ಷಡಕ್ಷರಿಗೆ ಒಂದೇ ಹಟ, ತನ್ನ ಮನೆ ಹೆಣ್ಣುಮಗಳ ಮೈಮೇಲೆ ಊರಮ್ಮ ಚೌಡಮ್ಮ ಬರ್ಬೇಕು. ಹುಡುಗಿಗೆ ಅನ್ನ ಇಲ್ಲ, ನೀರಿಲ್ಲ. ಒದ್ದೆ ಸೀರೆ, ದೇವರ ಕೋಣೆ, ಹೊರಗಿಂದ ಚಿಲಕ. ಕಡೆಗೊಂದು ದಿನ ಗಂಗಕ್ಕ ಗುಟುರು ಹಾಕಿದ್ಲು, ತೂಗಾಡಿದ್ಲು, ಬಂದವರಿಗೆಲ್ಲ ಭವಿಷ್ಯ ಹೇಳಿದ್ಲು. ಷಡಕ್ಷರಿ ಅದನ್ನ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ. ಆಮೇಲೂ ಕೂರಿಸ್ತಾನೇ ಇದ್ದ. ಆ ಮಳೆಗಾಲ ಮುಗಿಯೋದರೊಳಗೆ ಗಂಗಕ್ಕ ಹೋದಳು. "ಅಮ್ಮ ಕರ್ಕೊಂಡ್ಲು" ಅಂದ ಅಪ್ಪ. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ದಾರಿಯಲ್ಲಿ ಹಳೇ ಬಾವಿ ಇದೆ, ಗಂಗಕ್ಕನ ಸೀರೆ ಒದ್ದೆ ಮಾಡಿಸಿ ಕರ್ಕೊಂಡು ಬರ್ತಿದ್ದದ್ದು ಅಲ್ಲಿಂದಲೇ. ಅದರ ಹತ್ತಿರ ಬರುವಾಗ ದೂರದಲ್ಲಿ ಮನೆಯ ಹಾರ್ನ್ ಸ್ಪೀಕರು ಕುಂಯ್... ಅಂತ ಕೂಗಿ, ಗರಗರ ಅಂತು. ಆಮೇಲೆ ಗುಟುರು. ಅದೇ ಕ್ಯಾಸೆಟ್ಟು. ಅಕ್ಕನ ದನಿ. ನೀಲಾಂಬಿಕೆ ಕಾಲು ಬೇಗ ಬೇಗ ಹಾಕಿದಳು.

"ನೀಲಾ..."

ಇದು ಹಾರ್ನಿಂದ ಬಂದದ್ದಲ್ಲ. ಬಾವಿ ಕಡೆಯಿಂದ. ಮೆಲ್ಲಗೆ... ಪಕ್ಕದಲ್ಲಿ ಮಲಗಿದವರು ಕರೆದ ಹಾಗೆ.

"ನೀಲಾ... ಓಡು."

ಅವಳು ತಿರುಗಿ ನೋಡಲಿಲ್ಲ. ಓಡಿದಳು. ಹಿಂದೆ ಒದ್ದೆ ಬಟ್ಟೆ ಕಾಲಿಗೆ ಬಡಿಯೋ ಸದ್ದು, ಪಟ್... ಪಟ್... ಅಂಗಳದ ತನಕವೂ ಬಂತು.

ಅಂಗಳದ ತುಂಬ ಜನ. ನಡುವೆ ಮಣೆ ಮೇಲೆ ನಿಶ್ಚಿತಾ. ಹಣೆಗೆಲ್ಲ ವಿಭೂತಿ, ಬಿಚ್ಚಿ ಹರಡಿದ ಕೂದಲು, ಒಣಗಿದ ತುಟಿ. ಕೊಪ್ಪದಿಂದ ಬಾಡಿಗೆಗೆ ಕರೆಸಿದ ವಿಡಿಯೋ ಮಂಜಪ್ಪ ಲೈಟು ಹಿಡಿದು ಶೂಟ್ ಮಾಡ್ತಿದ್ದ. ಸಿ.ಡಿ. ಮಾಡಿ ಹಂಚೋದಂತೆ. ಉಜ್ವಲ್ ಕಂಬಕ್ಕೆ ಒರಗಿ ತಲೆ ತಗ್ಗಿಸಿದ್ದ.

ನೀಲಾಂಬಿಕೆ ಮಗುವಿನ ಕತ್ತು ಮುಟ್ಟಿ ನೋಡಿದಳು. ಸುಡ್ತಿತ್ತು.

"ಅಪ್ಪಯ್ಯ, ಮಗೀಗೆ ಜ್ವರ. ಎಬ್ಸಿ."

"ಅದು ಜ್ವರ ಅಲ್ಲ, ಅಮ್ಮ ಹತ್ರ ಬರ್ತಿದಾಳೆ" ಅಂದ ಷಡಕ್ಷರಿ. "ಗಂಗನ ದನಿ ಕೇಳಿಸಿದ್ರೆ ದಾರಿ ಗುರುತು ಹಿಡೀತಾಳೆ. ನೀನು ಆಚೆ ಹೋಗು."

ದನಿ ಇನ್ನೂ ಜೋರು ಮಾಡಿದ. ಗುಟುರು... ಗುಟುರು... ಆಮೇಲೆ ಟಕ್ ಅಂತ ಒಂದು ಸದ್ದು. ಹಾರ್ನು ತಣ್ಣಗಾಯ್ತು. ಕೆಟ್ಟೋಯ್ತೇನೋ ಅಂತ ಜನ ತಲೆಯೆತ್ತುವಷ್ಟರಲ್ಲಿ ಒಂದು ಹುಡುಗಿಯ ಸಾದಾ ದನಿ ಬಂತು. ಗುಟುರಿಲ್ಲ, ತೂಗಾಟ ಇಲ್ಲ.

"ಅಪ್ಪಯ್ಯ... ಅಮ್ಮ ಬರ್ಲಿಲ್ಲ. ನಾನೇ ಮಾತಾಡಿದ್ದು. ಬಾಗ್ಲು ತೆಗೀರಿ."

ಷಡಕ್ಷರಿ ಟೇಪಿನ ಗುಂಡಿ ಒತ್ತಿದ. ನಿಲ್ಲಲಿಲ್ಲ. ಕ್ಯಾಸೆಟ್ಟನ್ನೇ ಕಿತ್ತು ಕೈಯಲ್ಲಿ ಹಿಡ್ಕೊಂಡ. ಹಾರ್ನು ಮಾತಾಡ್ತಾನೇ ಇತ್ತು.

"ಬಾಗ್ಲು ತೆಗೀರಿ ಅಪ್ಪಯ್ಯ. ಹಸಿವು..."

ಆವಾಗ ಷಡಕ್ಷರಿ ತಲೆಯೆತ್ತಿ ಹಾರ್ನಿಗೆ ಹೇಳಿದ. ಬೈದದ್ದಲ್ಲ... ಅಂಗಲಾಚಿದ ಹಾಗೆ, ಮಗಳು ಎದುರಿಗೇ ನಿಂತಿದಾಳೇನೋ ಅನ್ನೋ ಹಾಗೆ. "ಒಂದು ರಾತ್ರಿ ತಡ್ಕೋ ಅಂದಿದ್ನಲ್ಲೇ ಗಂಗಾ... ಬೆಳಿಗ್ಗೆ ತೆಗೀತೀನಿ ಅಂದಿದ್ದೆ..."

ಹಾರ್ನಿನಲ್ಲಿ ಉಸಿರು ಎಳೆದ ಸದ್ದು.

"ನಂಗೆ ಬೆಳಗಾಗ್ಲೇ ಇಲ್ಲ ಅಪ್ಪಯ್ಯ."

ಅಷ್ಟೇ. ಆಮೇಲೆ ಹಾರ್ನು ಸುಮ್ಮನಾಯ್ತು.

ಇಷ್ಟು ವರ್ಷ ಮನೆಯೊಳಗೆ ಹೂತಿಟ್ಟ ಮಾತು ಊರಿನೆದುರು ಬಿದ್ದಿತ್ತು. ಜನ ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿದರು. ನೀಲಾಂಬಿಕೆ ಮಗುವನ್ನ ಎತ್ತಿ ಹೆಗಲಿಗೆ ಹಾಕ್ಕೊಂಡಳು. ಷಡಕ್ಷರಿ ಅಂಗಳ ದಾಟೋ ದಣಪೆಗೆ ಅಡ್ಡ ನಿಂತ. ಹಟ ಇನ್ನೂ ಬಿಟ್ಟಿರಲಿಲ್ಲ.

"ಕೆಳಗಿಳ್ಸು. ಪೂಜೆ ಮುಗಿದಿಲ್ಲ."

"ಮುಗೀತು ಅಪ್ಪಯ್ಯ" ಅಂದವನು ಉಜ್ವಲ್. ಹುಟ್ಟಿದಾಗಿಂದ ಅಪ್ಪನಿಗೆ ಎದುರು ಮಾತಾಡದವನು. ಬಂದು ಅಪ್ಪನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. "ಅಕ್ಕಾ, ನಡಿ. ಇವ್ರನ್ನ ನಾನು ನೋಡ್ಕೋತೀನಿ."

ಮಂಜಪ್ಪ ಆಗಲೇ ಕ್ಯಾಮೆರಾ ಮಡಚಿ ತನ್ನ ಓಮ್ನಿಗೆ ಹಾಕಿದ್ದ. "ಹತ್ತಿ ಮಾರಾಯ್ರೇ, ಬೇಗ" ಅಂದ. ನಿಶ್ಚಿತಾಗೆ ಹಿಂದಿನ ಸೀಟಲ್ಲಿ ಮಲಗಲು ಜಾಗ ಮಾಡಿದರು. ನೀಲಾಂಬಿಕೆ ಮುಂದೆ ಕೂತಳು, ಮಂಜಪ್ಪನಿಗೆ ದಾರಿ ತೋರಿಸಬೇಕಿತ್ತು. ಹಿಂದೆ ಮಗು ಒಂದೇ. ಬಾವಿ ದಾಟಿದರು. ಯಾರೂ ಕರೆಯಲಿಲ್ಲ. ಗಾಡಿಯನ್ನ ಎಲ್ಲೂ ನಿಲ್ಲಿಸಲಿಲ್ಲ. ದಾರಿಯಲ್ಲೊಮ್ಮೆ ಮಗು ನಿದ್ದೆಗಣ್ಣಲ್ಲಿ ಕಿಸಕ್ಕನೆ ನಕ್ಕ ಹಾಗಾಯ್ತು. "ಜ್ವರ ಬಿಡ್ತೇನೋ" ಅಂದ ಮಂಜಪ್ಪ. ನೀಲಾಂಬಿಕೆ ಹಿಂದೆ ತಿರುಗಲಿಲ್ಲ... ಧೈರ್ಯ ಬರಲಿಲ್ಲ ಅಂತಾಳೆ.

ಎನ್.ಆರ್. ಪುರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮಗು ಉಳೀತು. ಅವಳು ಅತ್ತೆ ನೀಲಾಂಬಿಕೆ ಮನೇಲೇ ಬೆಳೆದಳು, ಕಾಲೇಜೂ ಮುಗಿಸಿದಳು. ಷಡಕ್ಷರಿ ಆಮೇಲೆ ಯಾರನ್ನೂ ಕೂರಿಸಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. ರಾತ್ರಿಯಿಡೀ ಮನೆಯ ಬಾಗಿಲೆಲ್ಲ ತೆರೆದಿಟ್ಟು, ಒಂದೊಂದನ್ನೇ ಮುಟ್ಟಿ ನೋಡ್ತಾ ಓಡಾಡ್ತಿದ್ದನಂತೆ, ಸಾಯೋ ತನಕ.

ಇದೆಲ್ಲ ಇರಲಿ. ನನಗೆ ಇವತ್ತಿಗೂ ತಿಳಿಯದ್ದು ಒಂದೇ. ಆಸ್ಪತ್ರೆ ಬಾಗಿಲಲ್ಲಿ ಮಗುವನ್ನ ಇಳಿಸುವಾಗ ನರ್ಸಮ್ಮ ಅಂದದ್ದು, "ಜ್ವರದ ಮಗೀಗೆ ಇಷ್ಟು ಬಿಗಿಯಾಗಿ ಜಡೆ ಹಾಕಿದೀರಲ್ಲ, ಬಿಚ್ಚಿ."

ಎರಡು ಜಡೆ. ಎಣ್ಣೆ ಹಚ್ಚಿ, ನೀಟಾಗಿ ಬೈತಲೆ ತೆಗೆದು ಹೆಣೆದದ್ದು. ನಾನು ಸುಳ್ಳು ಹೇಳ್ತಿಲ್ಲ. ನೀಲಾಂಬಿಕೆ ಮನೆಯಿಂದ ಸುದ್ದಿ ಬಂದು ಆಸ್ಪತ್ರೆಗೆ ಓಡಿ ಹೋದವರಲ್ಲಿ ನಾನೂ ಒಬ್ಬ. ಕರೆಂಟು ಇರಲಿಲ್ಲ, ಆ ಜಡೆ ಬಿಚ್ಚುವಾಗ ಟಾರ್ಚು ಹಿಡಿದಿದ್ದೇ ನಾನು.