ಕೆಳಗಿನ ಸಾಲನ್ನೂ ಓದಿ, ಅತ್ತೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಪಾದ್ರಿಗಳೇ, ಈಗತಾನೇ ಸನ್ಮಾನ ಸ್ವೀಕರಿಸಿ ಮುಂದಿನ ಕುರ್ಚಿಯಲ್ಲಿ ಕೂತು, ‘ಬೇಗ ಮುಗಿಸು’ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡುತ್ತಿರುವ ನಮ್ಮ ಅತ್ತೆಯವರೇ, ಮತ್ತು ಸಭಿಕರೇ,

ಬೈಬಲ್ ವಚನಗಳನ್ನು ಹಿಂದುಮುಂದು ನೋಡದೆ ಎತ್ತಿ ಆಡುವುದರ ಅಪಾಯವನ್ನು ಕುರಿತು ನಾನು ಮಾತಾಡಬೇಕಂತೆ. ನಾನೇನು ಪಂಡಿತೆಯಲ್ಲ, ಚೌಕಟ್ಟಿನ ಅಂಗಡಿಯವಳು. ಅತ್ತೆ ಗಾಜು ಕೊಯ್ಯುತ್ತಾರೆ, ನಾನು ಅಕ್ಷರ ಬರೆಯುತ್ತೇನೆ. ನಿಜ ಹೇಳಬೇಕೆಂದರೆ ವಚನಗಳನ್ನು ತುಂಡು ಮಾಡುವುದೇ ನಮ್ಮ ಹೊಟ್ಟೆಪಾಡು! ಒಂದಡಿ ಅಗಲದ ಚೌಕಟ್ಟಿನಲ್ಲಿ ಎಷ್ಟು ಹಿಡಿಸೀತು? ಒಂದು ಸಾಲು, ಮೂಲೆಗೆರಡು ಹೂವು. ಹಾಗಾದರೆ ಉಳಿದ ಸಾಲುಗಳಲ್ಲಿ ಏನಿತ್ತು? ಈ ಕುತೂಹಲ ನನ್ನನ್ನು ಬಿಟ್ಟದ್ದೇ ಇಲ್ಲ.

ಒಮ್ಮೆ ಒಬ್ಬ ಹೋಟೆಲ್ ಮಾಲೀಕರು ಬಂದರು. “‘ತಿನ್ನೋಣ, ಕುಡಿಯೋಣ’ ಅಂತ ದೊಡ್ಡದಾಗಿ ಬರೀರಿ. ಬೈಬಲ್ಲಲ್ಲೇ ಇದೆಯಂತೆ, ಗಿರಾಕಿಗಳಿಗೆ ಖುಷಿಯಾಗುತ್ತೆ” ಅಂದರು. ಅತ್ತೆ ಗಾಜಿನಿಂದ ತಲೆ ಎತ್ತದೆಯೇ, “ಬರೀತೀವಿ ಸ್ವಾಮಿ. ಪೂರ್ತಿ ಬರೀಬೇಕಾ?” ಎಂದು ಕೇಳಿದರು. “ಧಾರಾಳವಾಗಿ!” “ಮುಂದೆ ‘ನಾಳೆ ಸಾಯುತ್ತೇವಲ್ಲಾ’ ಅಂತಿದೆ. ಊಟದ ಮೇಜಿನ ಮೇಲೇ ನೇತು ಹಾಕ್ತೀರೋ, ಕೈ ತೊಳೆಯೋ ಕಡೆಗೋ?” ಪುಣ್ಯಾತ್ಮರು ಬರಿ ಹೂವಿನ ಚಿತ್ರ ತಗೊಂಡು ಹೋದರು.

ನಮ್ಮ ಅತ್ತೆ ಎಂದರೆ ಹೀಗೆ. ಈ ಸಂಘದ ಬೈಬಲ್ ತರಗತಿಯಲ್ಲಿ ಅವರಿಂದ ಬೈಸಿಕೊಳ್ಳದವರು ಇಲ್ಲಿ ಯಾರಿದ್ದೀರಿ? “ಮೇಲಿನ ಸಾಲು ಓದಿದ್ಯಾ? ಕೆಳಗಿನ ಸಾಲು ಓದಿದ್ಯಾ? ಮತ್ತ್ಯಾಕೆ ಬಾಯಿ ತೆಗೆದೆ?” ನಗಬೇಡಿ, ಅಧ್ಯಕ್ಷರೂ ಬೈಸಿಕೊಂಡಿದ್ದಾರೆ.

ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಮದುವೆಯ ಉಡುಗೊರೆಯ ಚೌಕಟ್ಟು: ‘ನೀನು ಹೋಗುವಲ್ಲಿಗೆ ನಾನೂ ಬರುವೆನು.’ ನನ್ನ ಮದುವೆಗೂ ಅದನ್ನೇ ಬರೆದುಕೊಂಡೆ, ನಮ್ಮ ಮಂಚದ ಮೇಲಿನ ಗೋಡೆಗೆ ನೇತು ಹಾಕಿಕೊಂಡೆ. ನಮ್ಮ ಯಜಮಾನರಿಗೆ ಅದೇ ತಮಾಷೆ. “ಎಲ್ಲಿಗೆ ಹೋದ್ರೂ ಬರ್ತೀನಿ ಅಂತ ಬರೆದುಕೊಟ್ಟಿದ್ದೀಯಲ್ಲ, ನಡಿ, ಗೋದಾಮಿಗೆ ಹೋಗಿ ಗಾಜು ತರೋಣ” ಅನ್ನುತ್ತಿದ್ದರು. ಹೋದ ವರ್ಷ ಅವರು ನಾನು ಬರಲಾಗದ ಕಡೆಗೆ ಹೊರಟುಹೋದರು. ಅದೊಂದು ಸಾಲು ನನ್ನನ್ನು ಅಣಕಿಸುತ್ತಿತ್ತು, ಸಭಿಕರೇ. ಅದನ್ನು ತೆಗೆದು ಬೀರುವಿನ ಹಿಂದಕ್ಕೆ ತಳ್ಳಿದೆ.

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ವಿಷಯಕ್ಕೆ ಬರುತ್ತೇನೆ. ಅಷ್ಟಾದರೂ ಹಾಳು ಕುತೂಹಲ ಬಿಡಬೇಕಲ್ಲ! ಈ ಮಾತನ್ನು ಮೊದಲು ಆಡಿದವಳು ಯಾರು, ಯಾವ ಗಂಡನಿಗೆ ಆಡಿದಳು ಎಂದು ಪುಟ ತಿರುಗಿಸಿದೆ. ಅದು ಬೈಬಲ್ಲಿನೊಳಗಿನ ನಾಲ್ಕೇ ಅಧ್ಯಾಯದ ಪುಟ್ಟ ಪುಸ್ತಕ. ಮೇಲಿನ ಸಾಲು ಓದಿದೆ, ಅದರ ಮೇಲಿನದನ್ನೂ ಓದಿದೆ. ಅಲ್ಲಿ ಗಂಡನೇ ಇಲ್ಲ! ಗಂಡ ಸತ್ತಿದ್ದಾನೆ. ಆ ಮಾತು ಹುಟ್ಟಿದ್ದೇ ಅವನು ಸತ್ತ ಮೇಲೆ. ಸೊಸೆ ಅದನ್ನು ಹೇಳಿದ್ದು ತನ್ನ ಊರಿಗೆ ಹೊರಟು ದಾರಿಯಲ್ಲಿ ನಿಂತಿದ್ದ ಅತ್ತೆಗೆ. ನಾನು ಮುಗಿದುಹೋಯಿತು ಅಂದುಕೊಂಡ ಸಾಲು ನನ್ನ ಪಾಲಿಗೆ ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದು ಮಾತು. ಇದನ್ನು ಕೇಳಿ ನಾಳೆಯೇ ಯಾರೂ ಈ ವಚನವನ್ನು ಸೊಸೆಯರ ತಲೆಯ ಮೇಲೆ ಮೊಳೆ ಹೊಡೆದು ನೇತು ಹಾಕಬೇಡಿ. ಅದೂ ಹಿಂದುಮುಂದು ನೋಡದ ಓದೇ. ಆ ಅತ್ತೆಗೆ ಗಂಡ ಸತ್ತ ಸೊಸೆಯರು ಇಬ್ಬರು; ಇಬ್ಬರನ್ನೂ ಅವಳು ಹಿಡಿದಿಟ್ಟುಕೊಳ್ಳಲಿಲ್ಲ, ಹೋಗಿ ಅಂದಳು. ಒಬ್ಬ ಸೊಸೆ ಅತ್ತು, ಮುತ್ತು ಕೊಟ್ಟು, ಹೋದಳು. ಅವಳನ್ನು ಅಲ್ಲಿ ಯಾರೂ ಬೈಯಲಿಲ್ಲ. ಉಳಿದವಳು ತಾನಾಗಿ ಉಳಿದಳು.

ಈಗ ನಮ್ಮ ಅತ್ತೆಯ ವಿಷಯ. ನಾಳೆ ಬೆಳಿಗ್ಗೆ ಇವರು ತಂಗಿಯ ಊರಿಗೆ ಹೊರಟಿದ್ದಾರೆ, ಈ ಬೀಳ್ಕೊಡುಗೆ ಅದಕ್ಕೇ ಎಂದು ತಮಗೆಲ್ಲ ಗೊತ್ತು. ಯಾಕೆ ಹೊರಟಿದ್ದಾರೆ ಗೊತ್ತೇ? “ನಿನಗಿನ್ನೂ ವಯಸ್ಸಿದೆ ಮಗಳೇ. ನಾನಿಲ್ಲಿದ್ರೆ ನಿನ್ನ ಕಾಲಿಗೆ ಗುಂಡುಕಲ್ಲು. ‘ನಿಮ್ಮ ನಿಮ್ಮ ತವರಿಗೆ ಹೋಗಿರಿ’ ಅಂತ ವಾಕ್ಯವೇ ಹೇಳಿದೆ. ಹೋಗು” ಅಂದರು. ನಾನು ಬಾಯಿ ತೆಗೆದರೆ, “ವಾಕ್ಯಕ್ಕೆ ಎದುರಾಡ್ತೀಯಾ?” ಎಂದು ಗದರಿದರು. ಯಾವ ಪುಸ್ತಕದ ವಾಕ್ಯ? ಅದೇ ನಾಲ್ಕು ಅಧ್ಯಾಯದ ಪುಸ್ತಕ! ಸಭಿಕರೇ, ನಮಗೆಲ್ಲ ಕೆಳಗಿನ ಸಾಲು ಓದಿಸಿದವರು, ತಮ್ಮ ಸರದಿ ಬಂದಾಗ ಅರ್ಧಕ್ಕೇ ಪುಸ್ತಕ ಮುಚ್ಚಬಹುದೇ? ಆ ಅಪಾಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ಅತ್ತೆ, ಮನೆಗೆ ಹೋದ ಮೇಲೆ ನಿಮ್ಮ ಮಂಚದ ಕೆಳಗೆ ನೋಡಿ. ನಿಮ್ಮ ಪೆಟ್ಟಿಗೆಯ ಪಕ್ಕದಲ್ಲಿ ನನ್ನದನ್ನೂ ಕಟ್ಟಿಟ್ಟಿದ್ದೇನೆ. ಎರಡನ್ನೂ ಹೊತ್ತುಕೊಂಡು ಹೋಗೋಣವೋ, ಎರಡನ್ನೂ ಬಿಚ್ಚಿ ಅಂಗಡಿ ತೆಗೆಯೋಣವೋ, ನೀವೇ ಹೇಳಿ. ನೀವಿಲ್ಲದ ಮನೆ ನನಗೆ ಬೇಡ, ಅಷ್ಟೇ.

ಸಹನೆಯಿಂದ ಕೇಳಿದ ತಮಗೆಲ್ಲ ಕೃತಜ್ಞತೆಗಳು. ನನ್ನ ನಂತರ ನಮ್ಮ ಅತ್ತೆಯವರ ವಿದಾಯದ ಮಾತು ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಆದರೆ ಆ ಕಥೆಯ ಕೆಳಗಿನ ಸಾಲಿನಲ್ಲಿ, ಸೊಸೆಯ ಮನಸ್ಸು ಗಟ್ಟಿಯಾಗಿದೆ ಎಂದು ಕಂಡು ಅತ್ತೆ ಮಾತು ನಿಲ್ಲಿಸಿದಳು ಎಂದಿದೆ. ಆದ್ದರಿಂದ ಅಧ್ಯಕ್ಷರೇ, ಅವರಿಗೆ ಮೈಕು ಕೊಡಬೇಡಿ. ನಮಸ್ಕಾರ.