ದಿಬ್ಬವಾದ ಗುಂಡಿ

ಯುಗಾದಿ ಕಳೆದ ಮೇಲಿನ ಬಿಸಿಲು, ಬೆಳಿಗ್ಗೆ ಹನ್ನೊಂದು ಗಂಟೆ. ಮಾಲೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತಾಲ್ಲೂಕು ಪಂಚಾಯಿತಿ ಆಫೀಸಿಗೆ ಹೋಗಿದ್ದ ಅವಳ ಸೋದರಳಿಯ ಅರ್ಜಿಯ ಜೆರಾಕ್ಸ್ ಹಿಡಿದು ಬಂದ.

“ಏನಂದ್ರೋ ಮುನೇಶ?”

“ಸೋಮವಾರ ಆಳು ಕಳಿಸ್ತಾರಂತೆ, ಅತ್ತೆ. ಮನೆ ಮುಂದೆ ರೋಡಲ್ಲಿರೋ ದಿಬ್ಬ ಅಗೆದು ತೆಗೀತಾರಂತೆ.”

“ಅಲ್ಲಿರೋದು ಗುಂಡಿ ಅಲ್ವೇನ್ಲಾ! ಮುಚ್ಚಿ ಅಂತ ತಾನೆ ಅರ್ಜಿ ಕೊಟ್ಟಿದ್ದು? ಇನ್ನೂ ಅಗೆದ್ರೆ ನೀರೇ ಬರುತ್ತೆ. ಬೋರ್‌ವೆಲ್ ಹಾಕ್ಸೋದು ತಪ್ತು ಬಿಡು.”

“ಅರ್ಜಿಗೆ ಫೋಟೊ ತಲೆಕೆಳಗಾಗಿ ಅಂಟಿಸ್ಬಿಟ್ಟಿದ್ದೀನಿ. ನೋಡತ್ತೆ, ಹಿಂಗೆ ಹಿಡಿದ್ರೆ ಗುಂಡಿ, ಹಂಗೆ ಹಿಡಿದ್ರೆ ದಿಬ್ಬ.”

“ಹೌದಲ್ಲೋ! ನನ್ನ ಕಣ್ಣಿಗೂ ಉಬ್ಕೊಂಡೇ ಕಾಣ್ಸುತ್ತೆ.”

“ತಪ್ಪು ಕಣ್ಣಿಂದಲ್ಲ, ಮಿದುಳಿಂದು. ಬೆಳಕು ಯಾವಾಗ್ಲೂ ಮೇಲಿಂದಾನೇ ಬೀಳುತ್ತೆ ಅಂತ ಅದು ನಂಬ್ಕೊಂಡಿರುತ್ತೆ. ನೆರಳು ಮೇಲಂಚಲ್ಲಿದ್ರೆ ಗುಂಡಿ ಅನ್ನುತ್ತೆ, ಕೆಳಗಿದ್ರೆ ದಿಬ್ಬ ಅನ್ನುತ್ತೆ.”

“ಆಫೀಸಿನೋರಿಗೂ ಮಿದುಳೈತೆ ಅಂತ ಇವತ್ತು ಗೊತ್ತಾಯ್ತು ನೋಡು. ಸೊಸೆಗೆ ದಿನ ತುಂಬೈತೆ. ಗುಂಡಿ ದಾಟಿ ಬರಲ್ಲ ಅಂತಾನೆ ಆಟೋದೋನು. ನೋವು ಬಂದ್ರೆ ಅವನಿಗೂ ಫೋಟೊ ತಿರುಗಿಸಿ ತೋರಿಸ್ತೀಯಾ?”

“ಬೇರೆ ಫೋಟೊ ತೆಗೆದು ಕೊಡ್ಲಾ?”

“ನಿನ್ನ ಫೋಟೊ ಸಾಕು ಕಣೋ. ನಡಿ, ಆ ಸಾಹೇಬ್ರನ್ನೇ ಕರ್ಕೊಂಡು ಹೋಗಿ ಗುಂಡಿಯೊಳಗೆ ನಿಲ್ಸೋಣ. ಆಗ್ಲೂ ದಿಬ್ಬ ಅಂದ್ರೆ ಅಲ್ಲೇ ಬಿಟ್ಟು ಬರೋಣ.”

ಅವರ ಊರಿನ ಬಸ್ಸು ಬಂದು ನಿಂತಿತ್ತು. ಇಬ್ಬರೂ ಹತ್ತಲಿಲ್ಲ. ಅತ್ತೆ ಮುಂದೆ, ಅಳಿಯ ಹಿಂದೆ, ಆಫೀಸಿನ ಕಡೆಗೇ ಹೊರಟುಹೋದರು. ಅವತ್ತು ಶುಕ್ರವಾರ; ಅಗೆಯುವ ಆಳು ಬರಲು ಮೂರೇ ದಿನ ಉಳಿದಿತ್ತು.